ಸಂಚಾರಿ ವಾಹನದಲ್ಲಿ ಅಂತರ್ಜಾಲ: ವೇಗಕ್ಕಿಂತ ಭರವಸೆ ಮುಖ್ಯ

ಮಾರುಕಟ್ಟೆಯನ್ನು ಅರಸಿ ಊರೂರು ಸುತ್ತುವುದು ವರ್ತಕರಿಗೆ ಹೊಸದಲ್ಲ. ಹಾಸಿಗೆ, ಒಲೆ ಹಾಗೂ ಮೇಜನ್ನು ಅಳವಡಿಸಿದ ಕ್ಯಾಂಪರ್ ವ್ಯಾನ್, ವಸ್ತುಪ್ರದರ್ಶನಗಳಿಗೆ ತೆರಳುವ ಸಣ್ಣ ಉದ್ಯಮಿಗೆ ವಸತಿಯೂ ಹೌದು, ಕಚೇರಿಯೂ ಹೌದು. ಆದರೆ ಬಿಲ್ಲು, ಪಾವತಿ, ಸರಕು ಸಾಗಣೆಯ ದಾಖಲೆ ಎಲ್ಲವೂ ಅಂತರ್ಜಾಲವನ್ನೇ ಅವಲಂಬಿಸಿರುವ ಈ ದಿನಗಳಲ್ಲಿ ಸಂಪರ್ಕ ಕಡಿದರೆ ಆ ಕಚೇರಿಯ ಬಾಗಿಲು ಮುಚ್ಚಿದಂತೆಯೇ.

ಉದಾಹರಣೆಗೆ, ಬೆಂಗಳೂರಿನಿಂದ ಮಂಗಳೂರಿನ ಪ್ರದರ್ಶನಕ್ಕೆ ಸರಕು ಸ್ವಂತ ಲಾರಿಯಲ್ಲಿಯೂ ಉದ್ಯಮಿ ವ್ಯಾನಿನಲ್ಲಿಯೂ ಹೊರಟಿದ್ದಾರೆ ಎಂದಿಟ್ಟುಕೊಳ್ಳೋಣ. 2021ರ ಜನವರಿಯಿಂದ ಇ-ವೇ ಬಿಲ್ಲಿನ ಅವಧಿಯನ್ನು ಸಾಮಾನ್ಯ ಸರಕಿಗೆ 200 ಕಿ.ಮೀ.ಗೆ ಒಂದು ದಿನದಂತೆ ಲೆಕ್ಕ ಹಾಕಲಾಗುತ್ತದೆ. ಅವಧಿ ಮುಗಿಯುವುದು ಮಧ್ಯರಾತ್ರಿಗೆ. ಶಿರಾಡಿ ಘಾಟಿಯಲ್ಲಿ 2018ರ ಆಗಸ್ಟ್ ಹಾಗೂ 2024ರ ಜುಲೈ ತಿಂಗಳಲ್ಲಿ ಸಂಭವಿಸಿದಂತೆ ಭೂಕುಸಿತದಿಂದ ರಸ್ತೆ ಬಂದ್ ಆದರೆ ಅವಧಿಯನ್ನು ವಿಸ್ತರಿಸಲು ಅವಕಾಶವಿದೆ. ಆದರೆ ಅದಕ್ಕಿರುವ ಕಾಲಾವಕಾಶ ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ 8 ಗಂಟೆ ನಂತರದವರೆಗೆ ಮಾತ್ರ, ಅಂದರೆ ಸಂಜೆ 4ರಿಂದ ಮರುದಿನ ಬೆಳಿಗ್ಗೆ 8ರವರೆಗೆ. ವಾಹನಗಳು ಕಾಡಿನಂಚಿನಲ್ಲಿ ಸಾಲುಗಟ್ಟಿ ನಿಂತಿರುವುದೂ ಇದೇ ಹೊತ್ತಿನಲ್ಲಿ! ಸಿಂಧುವಲ್ಲದ ಬಿಲ್ಲಿನೊಡನೆ ಲಾರಿ ತಪಾಸಣೆಗೆ ಸಿಕ್ಕಿದರೆ ತೆರಿಗೆಯ ಎರಡು ಪಟ್ಟು ದಂಡ ತೆರಬೇಕಾದ ಪ್ರಸಂಗ ಒದಗಬಹುದು.

ಲೋಹದ ಹೊದಿಕೆಯ ಅಡ್ಡಿ

ವ್ಯಾನಿನ ಉಕ್ಕಿನ ಅಥವಾ ಅಲ್ಯೂಮಿನಿಯಂ ತಗಡಿನ ಮೈ ರೇಡಿಯೋ ತರಂಗಗಳನ್ನು ತಡೆಯುತ್ತದೆ. ಒಳಗೆ ಕುಳಿತು ಹಿಡಿದ ಮೊಬೈಲಿಗೆ ದೊರೆಯದ ಸಂಕೇತ ಛಾವಣಿಯ ಮೇಲೆ ದೊರೆಯುವುದುಂಟು. ಆದುದರಿಂದ ಆಂಟೆನಾ ಹೊರಗಿರಬೇಕು, ಅದರಿಂದ ರೂಟರಿಗೆ ಬರುವ ಕೇಬಲ್ ಆದಷ್ಟು ಗಿಡ್ಡವಾಗಿರಬೇಕು. ಕೇಬಲ್ ಉದ್ದವಾದಷ್ಟೂ ಸಂಕೇತ ಸೋರಿಹೋಗುತ್ತದೆ. ವ್ಯಾನಿನ ಬಾಡಿ ಕಟ್ಟುವ ಸಣ್ಣ ಕೈಗಾರಿಕೆಗಳು ಒಳಗಿನ ಪ್ಲೈವುಡ್ ಹೊದಿಸುವ ಮುನ್ನವೇ ಕೇಬಲ್‌ಗಾಗಿ ಕೊಳವೆ ಇರಿಸಿದರೆ ಗ್ರಾಹಕನಿಗೆ ಮುಂದೆ ಛಾವಣಿ ಕೊರೆಸುವ ಖರ್ಚು ತಪ್ಪುತ್ತದೆ. ಇನ್ನು ಸಂಕೇತವರ್ಧಕ ಅಥವಾ ಬೂಸ್ಟರ್‌ಗಳನ್ನು ಖಾಸಗಿಯಾಗಿ ಕೊಂಡು ಅಳವಡಿಸುವುದು ಕಾನೂನುಬಾಹಿರ ಎಂಬುದನ್ನು ಉದ್ಯಮಿಗಳು ಮರೆಯಬಾರದು.

ಎರಡು ಸಿಮ್, ಎರಡು ಸಂಸ್ಥೆ

ಒಂದೇ ಸಂಸ್ಥೆಯ ಎರಡು ಸಿಮ್‌ಗಳಿಂದ ಪ್ರಯೋಜನವಿಲ್ಲ. ಎರಡು ಬೇರೆ ಬೇರೆ ಸಂಸ್ಥೆಗಳ ಸಿಮ್ ಇರುವ ರೂಟರ್ ಲೇಸು. ಅಗ್ಗದ ರೂಟರ್‌ಗಳು ಒಂದು ಸಲಕ್ಕೆ ಒಂದೇ ಸಿಮ್ ಬಳಸುತ್ತವೆಯಾದ್ದರಿಂದ ಸಂಪರ್ಕ ಬದಲಾಗಲು ಕೊಂಚ ಸಮಯ ಹಿಡಿಯುತ್ತದೆ. ಎರಡು ಮೋಡೆಮ್‌ಗಳ ರೂಟರಿನಲ್ಲಿ ಈ ತೊಡಕಿಲ್ಲ, ಬೆಲೆ ಮಾತ್ರ ಹೆಚ್ಚು. 700, 850 ಹಾಗೂ 900 ಮೆಗಾಹರ್ಟ್ಸ್‌ನಂತಹ ಕೆಳ ಆವರ್ತನದ ತರಂಗಗಳು ದೂರ ಸಾಗುತ್ತವೆ, ಅಡೆತಡೆಗಳನ್ನು ಹೆಚ್ಚು ಸಮರ್ಥವಾಗಿ ದಾಟುತ್ತವೆ. ನಗರದಲ್ಲಿ ಅತಿ ವೇಗ ನೀಡುವ 3,300 ಮೆಗಾಹರ್ಟ್ಸ್‌ನ 5ಜಿ ಅಷ್ಟು ದೂರ ತಲುಪದು. ಆದ್ದರಿಂದ ರೂಟರ್ ಕೊಳ್ಳುವಾಗ ಕೆಳ ಆವರ್ತನಗಳಲ್ಲಿಯೂ ಅದು ಕೆಲಸ ಮಾಡುವುದೇ ಎಂದು ಮೊದಲು ವಿಚಾರಿಸಬೇಕು.

ವಿದ್ಯುತ್ತಿನ ಲೆಕ್ಕವೂ ಸರಳ. 10 ವ್ಯಾಟ್ ಬಳಸುವ ರೂಟರಿಗೆ ದಿನಕ್ಕೆ 240 ವ್ಯಾಟ್-ಗಂಟೆ ಬೇಕು. 12 ವೋಲ್ಟ್, 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವುದು 1,200 ವ್ಯಾಟ್-ಗಂಟೆ. ಬ್ಯಾಟರಿಯ ಬಾಳಿಕೆಗಾಗಿ ಅರ್ಧವನ್ನಷ್ಟೇ ಬಳಸಿದರೂ ಎರಡು ದಿನಗಳಿಗೆ ಚಿಂತೆಯಿಲ್ಲ. ಆದರೆ ಇದು ವಾಹನದ ಎಂಜಿನ್ ಚಾಲೂ ಮಾಡುವ ಬ್ಯಾಟರಿ ಆಗಿರದೆ ಪ್ರತ್ಯೇಕವಾಗಿರಬೇಕು.

ಉಪಗ್ರಹ ಸಂಪರ್ಕದತ್ತ ಹಲವರ ಕಣ್ಣಿದೆ. ಕೇಂದ್ರ ದೂರಸಂಪರ್ಕ ಇಲಾಖೆಯು 2025ರ ಜೂನ್‌ನಲ್ಲಿ ಸ್ಟಾರ್‌ಲಿಂಕ್‌ಗೆ ಪರವಾನಗಿ ನೀಡಿತು. ಆದರೆ ಉಪಗ್ರಹದ ಆಂಟೆನಾಕ್ಕೆ ತೆರೆದ ಆಕಾಶ ಬೇಕು. ದಟ್ಟ ಮರಗಳ ನೆರಳಿನ ಘಾಟಿ ರಸ್ತೆಯಲ್ಲಿ ಅದೂ ತಡವರಿಸುತ್ತದೆ. ವಿದೇಶದಲ್ಲಿ ಕೊಂಡ ಉಪಕರಣವನ್ನು ಅನುಮತಿಯಿಲ್ಲದೆ ಇಲ್ಲಿ ಬಳಸುವುದಂತೂ ಅಪರಾಧ.

ಸಿದ್ಧತೆಯೇ ಭರವಸೆ

ಇಷ್ಟೆಲ್ಲ ಇದ್ದರೂ ಒಂದು ಮಾತು ಉಳಿಯುತ್ತದೆ. ಅನೇಕ ಕಡೆಗಳಲ್ಲಿ ಹಲವು ಸಂಸ್ಥೆಗಳ ಉಪಕರಣಗಳು ಒಂದೇ ಗೋಪುರದಲ್ಲಿರುತ್ತವೆ. ಮಳೆಗೆ ಅಲ್ಲಿ ವಿದ್ಯುತ್ ಹೋದರೆ ಎರಡೂ ಸಿಮ್‌ಗಳು ಒಟ್ಟಿಗೆ ಮೌನವಾಗುತ್ತವೆ. ಆದುದರಿಂದ ಸಂಪರ್ಕ ಇರುವಾಗಲೇ ಕೆಲಸ ಮುಗಿಸುವುದು ಜಾಣತನ. ಘಾಟಿ ಇಳಿಯುವ ಮುನ್ನ ಸಕಲೇಶಪುರದಲ್ಲಿಯೇ ವ್ಯಾನ್ ನಿಲ್ಲಿಸಿ ರಸ್ತೆಯ ಸ್ಥಿತಿ ವಿಚಾರಿಸುವುದು, ಬಿಲ್ಲುಗಳ ಮುದ್ರಿತ ಪ್ರತಿ ಹಾಗೂ ನಕಾಶೆಗಳನ್ನು ಸಿದ್ಧವಿಟ್ಟುಕೊಳ್ಳುವುದು ಒಳ್ಳೆಯದು. ಇ-ವೇ ಬಿಲ್ ವಿಸ್ತರಿಸುವ ಅಧಿಕಾರವನ್ನು ಊರಿನ ಕಚೇರಿಯ ನಂಬಿಕಸ್ಥ ನೌಕರರೊಬ್ಬರಿಗೂ ನೀಡಿರಬೇಕು. ಅಂತರ್ಜಾಲ ಎಟುಕದ ದುರ್ಬಲ ಸಂಕೇತದಲ್ಲಿಯೂ ದೂರವಾಣಿ ಕರೆಯೊಂದು ಸಾಗುವುದುಂಟು. ಲಾರಿ ನಿಂತ ಸ್ಥಳವನ್ನು ಅವರಿಗೆ ತಿಳಿಸಿದರೆ ಉಳಿದುದನ್ನು ಅವರೇ ಪೂರೈಸುತ್ತಾರೆ. ಎಂತಹ ದುಬಾರಿ ಆಂಟೆನಾ ಇದ್ದರೂ ಈ ಏರ್ಪಾಡಿಗೆ ಅದು ಪರ್ಯಾಯವಾಗದು.