ಕಣ್ಣು, ಕಿವಿ, ತಲೆಸುತ್ತು: ಸಿಂಧನೂರು, ಲಿಂಗಸುಗೂರು, ಮಸ್ಕಿ ಪರಿಸರದ ರೋಗಭಾಷೆ ಮತ್ತು ಕೋಗನ್ ಕಾಯಿಲೆಯ ಚಿಕಿತ್ಸೆ

ಜನಪದ ವೈದ್ಯವನ್ನು ಕುರಿತ ಕನ್ನಡದ ಅಧ್ಯಯನಗಳು ಬಹುಮಟ್ಟಿಗೆ ಔಷಧಿಯ ಕಡೆಗೇ ಗಮನ ಕೊಟ್ಟಿವೆ. ಯಾವ ಗಿಡ, ಯಾವ ಬೇರು, ಯಾವ ಅನುಪಾನ, ಯಾವ ಮಂತ್ರ, ಯಾವ ಹರಕೆ ಎಂಬ ಸಂಗ್ರಹ ಸಾಕಷ್ಟು ನಡೆದಿದೆ. ಆದರೆ ರೋಗಿಯು ತನ್ನ ಬೇನೆಯನ್ನು ಯಾವ ಮಾತಿನಲ್ಲಿ ಹೇಳಿಕೊಳ್ಳುತ್ತಾನೆ, ಆ ಮಾತು ಅವನನ್ನು ಯಾರ ಬಳಿಗೆ ಕರೆದೊಯ್ಯುತ್ತದೆ ಎಂಬುದು ಅಷ್ಟೇ ಮಹತ್ವದ ಸಂಗತಿ. ರಕ್ತಪರೀಕ್ಷೆಯೊಂದರಿಂದಲೇ ಗುರುತಿಸಲಾಗದ, ರೋಗಿಯ ಹೇಳಿಕೆಯಿಂದಲೇ ಪತ್ತೆಯಾಗಬೇಕಾದ ಕಾಯಿಲೆಗಳಲ್ಲಿ ಈ ಮಾತು ಚಿಕಿತ್ಸೆಯ ಮೊದಲ ಸಾಧನವಾಗುತ್ತದೆ. ಕಣ್ಣು, ಶ್ರವಣ ಮತ್ತು ದೇಹದ ಸಮತೋಲನ ಈ ಮೂರನ್ನೂ ಒಟ್ಟಿಗೆ ಬಾಧಿಸುವ ಕೋಗನ್ ಕಾಯಿಲೆ ಅಂಥವುಗಳಲ್ಲೊಂದು. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಪರಿಸರದ ರೋಗಭಾಷೆಯ ಹಿನ್ನೆಲೆಯಲ್ಲಿ ಈ ಕಾಯಿಲೆಯ ಚಿಕಿತ್ಸೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಮೂರು ಊರುಗಳು ಒಂದೇ ಹೆದ್ದಾರಿಯ ಮೇಲಿದ್ದರೂ ಅವುಗಳ ಬದುಕು ಒಂದೇ ಬಗೆಯದಲ್ಲ. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ನಾಡಾಗಿದೆ. ನೀರಾವರಿಯನ್ನು ಅನುಸರಿಸಿ ಬಂದ ತೆಲುಗು ಭಾಷಿಕರ ಕ್ಯಾಂಪುಗಳೂ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿಗಳ ಪುನರ್ವಸತಿ ಕ್ಯಾಂಪುಗಳೂ ಅಲ್ಲಿವೆ. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿಯಿದೆ, ಮುದಗಲ್ಲಿನ ಕೋಟೆಯಿದೆ. ನಡುವಿನ ಮಸ್ಕಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನದಿಂದ ಪ್ರಸಿದ್ಧ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ವ್ಯವಸ್ಥೆ ಮಾಡಿಸಿದುದನ್ನು ಅಶೋಕ ಹೇಳಿಕೊಂಡಿರುವುದು ತನ್ನ ಎರಡನೆಯ ಪ್ರಧಾನ ಶಿಲಾಶಾಸನದಲ್ಲಿಯೇ ಹೊರತು ಮಸ್ಕಿಯ ಶಾಸನದಲ್ಲಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸುವುದು ಅಗತ್ಯ. ಕನ್ನಡ, ತೆಲುಗು, ದಖನಿ ಉರ್ದು, ಲಂಬಾಣಿ, ಬಂಗಾಳಿ ಇಷ್ಟು ನುಡಿಗಳಲ್ಲಿ ಬೇನೆಯನ್ನು ಹೇಳಿಕೊಳ್ಳುವ ಜನ ಒಂದೇ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವ ಪ್ರದೇಶವಿದು.

ಇಲ್ಲಿಯ ಆಡುಮಾತಿನಲ್ಲಿ ಕಣ್ಣು ಕೆಂಪಾಗಿ ನೀರು ಸುರಿದರೆ ‘ಕಣ್ಣು ಬಂದಾವ’ ಎನ್ನುತ್ತಾರೆ. ಕಣ್ಣು ಬರುವುದು ಬೇಸಗೆಯ ಸಾಮಾನ್ಯ ಬೇನೆ, ಒಬ್ಬರಿಂದೊಬ್ಬರಿಗೆ ಹತ್ತುವಂಥದು, ತಾನಾಗಿ ಬಂದು ತಾನಾಗಿ ಹೋಗುವಂಥದು ಎಂಬ ತಿಳಿವಳಿಕೆ ಆ ಮಾತಿನೊಳಗೇ ಅಡಗಿದೆ. ನಂದಿಬಟ್ಟಲ ಹೂವಿನ ರಸ, ಎದೆಹಾಲಿನ ಹನಿ, ಹರಳೆಣ್ಣೆ ಇದಕ್ಕೆ ಮನೆಮದ್ದು. ಬೇನೆ ಬಲಿತರೆ ದೇವರಿಗೆ ಬೆಳ್ಳಿಯ ಕಣ್ಣು ಒಪ್ಪಿಸುವ ಹರಕೆ. ತಲೆಸುತ್ತಿಗೆ ‘ತಲಿ ತಿರಗತೈತಿ’, ‘ಚಕ್ರ ಬರತಾವ’ ಎಂಬ ಮಾತುಗಳಿವೆ. ಅದರ ಕಾರಣ ಪಿತ್ತ ಅಥವಾ ಬಿಸಿಲು. ನಿಂಬೆಹಣ್ಣು, ಶುಂಠಿ, ಜೀರಿಗೆಯ ಕಷಾಯ ಅದರ ಮದ್ದು. ಕಿವಿಯಲ್ಲಿ ಸದ್ದಾದರೆ ‘ಕಿವಿ ಗುಂಯ್ ಅಂತಾವ’. ಅದಕ್ಕೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ.

ಜನಪದ ವೈದ್ಯ ದೇಹವನ್ನು ಇಡಿಯಾಗಿ ನೋಡುತ್ತದೆ, ಆಧುನಿಕ ವೈದ್ಯ ತುಂಡುತುಂಡಾಗಿ ನೋಡುತ್ತದೆ ಎಂಬ ಮಾತು ನಮ್ಮ ಜಾನಪದ ಬರವಣಿಗೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಮೇಲಿನ ಸಾಮಗ್ರಿ ಈ ಮಾತನ್ನು ಸಂಪೂರ್ಣವಾಗಿ ಸಮರ್ಥಿಸುವುದಿಲ್ಲ. ತಲೆಸುತ್ತಿಗೆ ಬಳಕೆಯಾಗುವ ಇನ್ನೊಂದು ಮಾತು ‘ಕಣ್ಣಿಗೆ ಕತ್ತಲಿ ಬರತೈತಿ’ ಎಂಬುದು. ತೆಲುಗಿನಲ್ಲಿ ತಲೆಸುತ್ತಿಗೆ ‘ಕಳ್ಳು ತಿರಗಡಂ’, ಅಂದರೆ ಕಣ್ಣು ತಿರುಗುವುದು ಎಂದೇ ಹೆಸರು. ಎಂದರೆ ಈ ಪ್ರದೇಶದ ನುಡಿಗಳು ಕಣ್ಣನ್ನೂ ತಲೆಸುತ್ತನ್ನೂ ಒಂದು ಎಳೆಯಲ್ಲಿ ಪೋಣಿಸಿವೆ. ಆದರೆ ತಲೆಸುತ್ತಿನ ಈ ಯಾವ ಮಾತಿನಲ್ಲಿಯೂ ಕಿವಿಯ ಸುಳಿವಿಲ್ಲ. ದೇಹದ ಸಮತೋಲನದ ಮುಖ್ಯ ಅಂಗ ಒಳಕಿವಿಯಲ್ಲಿದೆ ಎಂಬ ತಿಳಿವಳಿಕೆ ಪಶ್ಚಿಮದ ವಿಜ್ಞಾನಕ್ಕೂ ದೊರೆತದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಹೀಗಾಗಿ ಇದನ್ನು ಜನಪದರ ಕೊರತೆಯೆಂದು ಹೇಳುವಂತಿಲ್ಲ. ಆದರೆ ಕೋಗನ್ ಕಾಯಿಲೆಯಲ್ಲಿ ಶಾಶ್ವತವಾಗಿ ಕಳೆದುಹೋಗುವ ಅಪಾಯವಿರುವುದು ಹೆಚ್ಚಾಗಿ ಈ ಕಿವಿಗೇ ಎಂಬುದನ್ನು ಗಮನಿಸಬೇಕು.

ಕೋಗನ್ ಕಾಯಿಲೆ ಅತ್ಯಂತ ವಿರಳವಾದುದು. 1934ರಲ್ಲಿ ಮಾರ್ಗನ್ ಮತ್ತು ಬಾಮ್‌ಗಾರ್ಟ್ನರ್ ಇಂಥ ಒಬ್ಬ ರೋಗಿಯ ವಿವರ ಪ್ರಕಟಿಸಿದ್ದರು. 1945ರಲ್ಲಿ ಅಮೆರಿಕದ ನೇತ್ರತಜ್ಞ ಡೇವಿಡ್ ಕೋಗನ್ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿದರು. ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ ನಿರೋಧಕ ವ್ಯವಸ್ಥೆ ತನ್ನದೇ ಅಂಗಾಂಶಗಳ ಮೇಲೆ ತಿರುಗಿಬೀಳುವ ಸ್ವಯಂನಿರೋಧಕ ಕಾಯಿಲೆಗಳ ಗುಂಪಿಗೆ ಇದು ಸೇರುತ್ತದೆ ಎಂಬುದು ಇಂದಿನ ತಿಳಿವಳಿಕೆ. ಹೆಚ್ಚಾಗಿ ಇಪ್ಪತ್ತರಿಂದ ನಲವತ್ತರೊಳಗಿನವರನ್ನು ಹಿಡಿಯುತ್ತದೆ. ಕಣ್ಣಿನ ಕಪ್ಪುಭಾಗವನ್ನು ಮುಚ್ಚಿರುವ ಪಾರದರ್ಶಕ ಪೊರೆಯಾದ ಕಾರ್ನಿಯಾದ ಒಳಪದರದಲ್ಲಿ ಉರಿಯೂತವಾಗಿ ಕಣ್ಣು ಕೆಂಪಾಗುತ್ತದೆ, ನೋಯುತ್ತದೆ, ಬೆಳಕನ್ನು ಸಹಿಸದಾಗುತ್ತದೆ. ಇನ್ನೊಂದೆಡೆ ಒಳಕಿವಿಯಲ್ಲಿ ಉರಿಯೂತವಾಗಿ ತಲೆಸುತ್ತು, ವಾಂತಿ, ಕಿವಿಯಲ್ಲಿ ಮೊರೆತ, ಇದ್ದಕ್ಕಿದ್ದಂತೆ ಕೇಳಿಸದಾಗುವುದು ಇವೆಲ್ಲ ಬರುತ್ತವೆ. ಕಣ್ಣು ಮೊದಲೋ ಕಿವಿ ಮೊದಲೋ ಎಂಬ ನಿಯಮವಿಲ್ಲ. ಎರಡರ ನಡುವೆ ಕೆಲವು ದಿನಗಳಿರಬಹುದು, ತಿಂಗಳುಗಳೂ ಇರಬಹುದು. ಕಣ್ಣಿನ ಬೇರೆ ಪದರಗಳಲ್ಲಿ ಉರಿಯೂತವಿರುವ ಅಥವಾ ಎರಡು ಬಗೆಯ ಲಕ್ಷಣಗಳ ನಡುವೆ ಎರಡು ವರ್ಷಕ್ಕೂ ಮೀರಿದ ಅಂತರವಿರುವ ಪ್ರಕರಣಗಳನ್ನು ಬೇರೆ ಬಗೆಯೆಂದು ವರ್ಗೀಕರಿಸುವ ಕ್ರಮ 1980ರಲ್ಲಿ ಹೇನ್ಸ್ ಮತ್ತು ಸಂಗಡಿಗರ ಅಧ್ಯಯನದಿಂದ ರೂಢಿಗೆ ಬಂದಿತು. ಕೆಲವರಲ್ಲಿ ಹೃದಯದಿಂದ ಹೊರಡುವ ಮಹಾಧಮನಿಗೂ ಉರಿಯೂತ ತಗಲುವುದರಿಂದ ಹೃದಯದ ಪರೀಕ್ಷೆಯೂ ಅಗತ್ಯವಾಗುತ್ತದೆ.

ಕೆಂಪಾದ ಕಣ್ಣು ಎಲ್ಲರಿಗೂ ಕಾಣುತ್ತದೆ. ಮನೆಯವರು ಕೇಳುತ್ತಾರೆ, ನೆರೆಯವರು ಮದ್ದು ಹೇಳುತ್ತಾರೆ. ಈ ಕಾಯಿಲೆಯಲ್ಲಿ ಆ ಕಣ್ಣು ಚಿಕಿತ್ಸೆಗೆ ಬಹುಮಟ್ಟಿಗೆ ಒಲಿಯುತ್ತದೆ, ದೃಷ್ಟಿಯೇ ಹೋಗುವುದು ಅಪರೂಪ. ಕಿವಿಯ ಒಳಗಿನ ಹಾನಿ ಯಾರಿಗೂ ಕಾಣದು. ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಕಾಕ್ಲಿಯಾದೊಳಗಿನ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಿವಿಗೆ ಬಿಟ್ಟ ಎಣ್ಣೆ ತಮಟೆಯ ಪೊರೆಯನ್ನು ದಾಟಿ ಅಲ್ಲಿಗೆ ತಲುಪುವಂತೆಯೂ ಇಲ್ಲ. ಎಣ್ಣೆಯಿಂದ ಆಗುವ ನಿಜವಾದ ನಷ್ಟವೆಂದರೆ ಕಾಯುತ್ತ ಕಳೆದ ದಿನಗಳು. ಹಟ್ಟಿಯಂಥ ಗಣಿಯೂರಿನಲ್ಲಿ ಕಿವಿ ಮಂದವಾಯಿತೆಂದರೆ ಯಂತ್ರದ ಸದ್ದನ್ನು ದೂರುವುದು ಸಹಜ. ಸದ್ದಿನಿಂದ ಬರುವ ಕಿವುಡು ವರ್ಷಗಳ ಅವಧಿಯಲ್ಲಿ ಮೆಲ್ಲಗೆ ಬರುವಂಥದು. ಕೆಲವೇ ದಿನಗಳಲ್ಲಿ, ಅದೂ ತಲೆಸುತ್ತಿನೊಡನೆ ಬಂದ ಕಿವುಡು ಅದಲ್ಲ.

ಕೋಗನ್ ತಮ್ಮ ಲೇಖನ ಬರೆದಾಗ ಈ ಕಾಯಿಲೆಗೆ ಮದ್ದಿರಲಿಲ್ಲ. ಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು ಮೊದಲಬಾರಿಗೆ ರೋಗಿಗೆ ಕೊಟ್ಟದ್ದು 1948ರಲ್ಲಿ, ಅದೂ ಕೀಲುವಾತಕ್ಕೆ. ಇಂದು ಕಿವಿ ಬಾಧಿತವಾದೊಡನೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನು ಸಾಮಾನ್ಯವಾಗಿ ದೇಹತೂಕದ ಕಿಲೋ ಒಂದಕ್ಕೆ 1 ಮಿಲಿಗ್ರಾಂ ಪ್ರಮಾಣದಲ್ಲಿ ಆರಂಭಿಸುತ್ತಾರೆ. ಶ್ರವಣ ಕುಗ್ಗಿದ ಮೊದಲ ಎರಡು ವಾರಗಳೊಳಗೆ ಇದು ಆರಂಭವಾದರೆ ಉಳಿಸಿಕೊಳ್ಳುವ ಅವಕಾಶ ಹೆಚ್ಚು. ಗುಣ ಕಂಡಿತೇ ಇಲ್ಲವೇ ಎಂಬುದನ್ನು ಶ್ರವಣ ಪರೀಕ್ಷೆಯ ನಕ್ಷೆಗಳನ್ನು ಹೋಲಿಸಿ ತಿಳಿಯುತ್ತಾರೆ. ಗುಣ ಕಂಡರೆ ಪ್ರಮಾಣವನ್ನು ತಿಂಗಳುಗಳ ಅವಧಿಯಲ್ಲಿ ಹಂತಹಂತವಾಗಿ ಇಳಿಸುತ್ತಾರೆ. ಕಾಣದಿದ್ದರೆ, ಇಲ್ಲವೆ ಇಳಿಸಿದೊಡನೆ ಮರುಕಳಿಸಿದರೆ, ಮೆಥೊಟ್ರೆಕ್ಸೇಟ್, ಅಜಥಯೋಪ್ರಿನ್, ಸೈಕ್ಲೋಫಾಸ್ಫಮೈಡ್ ಮುಂತಾದ ನಿರೋಧಶಮನ ಔಷಧಗಳನ್ನೂ ಇತ್ತೀಚಿನ ದಶಕಗಳಲ್ಲಿ ಇನ್‌ಫ್ಲಿಕ್ಸಿಮಾಬ್ ಎಂಬ ಜೈವಿಕ ಔಷಧವನ್ನೂ ಬಳಸುತ್ತಿದ್ದಾರೆ. ಇನ್‌ಫ್ಲಿಕ್ಸಿಮಾಬ್ ದೇಹದಲ್ಲಿ ಅಡಗಿರುವ ಕ್ಷಯವನ್ನು ಕೆರಳಿಸಬಲ್ಲದು. ಆದುದರಿಂದ ಕ್ಷಯ ಇನ್ನೂ ವ್ಯಾಪಕವಾಗಿರುವ ನಮ್ಮಲ್ಲಿ ಅದಕ್ಕೆ ಮೊದಲು ಕ್ಷಯದ ಪರೀಕ್ಷೆ ಅನಿವಾರ್ಯ.

ಕಣ್ಣಿಗೂ ಸ್ಟೀರಾಯ್ಡಿನ ಹನಿಗಳೇ ಮದ್ದು. ಭತ್ತದ ನಾಡಿನಲ್ಲಿ ಎಚ್ಚರ ವಹಿಸಬೇಕಾದುದು ಇಲ್ಲಿಯೇ. ರಾಶಿಯ ಕಾಲದಲ್ಲಿ ಭತ್ತದ ಹೊಟ್ಟು, ಗರಿ, ಕಡ್ಡಿ ಕಣ್ಣಿಗೆ ಗೀರಿ ಶಿಲೀಂಧ್ರದ ಹುಣ್ಣಾಗುವುದು ಕೃಷಿಕರಲ್ಲಿ ವಿರಳವೇನಲ್ಲ. ಆಗಲೂ ಕಣ್ಣು ಕೆಂಪಾಗುತ್ತದೆ, ನೋಯುತ್ತದೆ, ಬೆಳಕನ್ನು ಸಹಿಸುವುದಿಲ್ಲ. ಜನರ ಬಾಯಲ್ಲಿ ಅದಕ್ಕೂ ‘ಕಣ್ಣು ಬಂದಾವ’ ಎಂಬ ಹೆಸರೇ ಬರಬಹುದು. ಆ ಹುಣ್ಣಿಗೆ ಸ್ಟೀರಾಯ್ಡ್ ಹನಿ ಹಾಕಿದರೆ ಶಿಲೀಂಧ್ರ ಮತ್ತಷ್ಟು ಹಬ್ಬಿ ಕಣ್ಣೇ ಹೋಗಬಹುದು. ಒಂದು ಕೆಂಪು ಕಣ್ಣಿಗೆ ಮದ್ದಾದುದು ಇನ್ನೊಂದಕ್ಕೆ ವಿಷವಾಗುವ ಈ ಸ್ಥಿತಿಯಲ್ಲಿ, ಕಣ್ಣಿನ ತಜ್ಞರು ಸ್ಲಿಟ್ ಲ್ಯಾಂಪಿನಲ್ಲಿ ಕಾರ್ನಿಯಾ ನೋಡುವ ಮೊದಲೇ ಔಷಧಿ ಅಂಗಡಿಯಿಂದ ಹನಿ ತಂದು ಹಾಕುವುದು ನಂದಿಬಟ್ಟಲ ರಸಕ್ಕಿಂತ ಹೆಚ್ಚು ಅಪಾಯಕರವೆನಿಸಬಹುದು. ಹೂವಿನ ರಸ, ಎದೆಹಾಲು ನಿರಪಾಯಕಾರಿಯೆಂದು ಇದರರ್ಥವಲ್ಲ. ಗೀರಿದ ಕಾರ್ನಿಯಾಕ್ಕೆ ಶುದ್ಧವಲ್ಲದ ಯಾವ ದ್ರವವೂ ಸೋಂಕನ್ನು ತರಬಲ್ಲದು.

ಕೋಗನ್ ತಮ್ಮ ಲೇಖನದ ಶೀರ್ಷಿಕೆಯಲ್ಲಿಯೇ ಇದು ಸಿಫಿಲಿಸ್‌ನಿಂದ ಬಂದುದಲ್ಲ ಎಂದು ಸೂಚಿಸಿದ್ದರು. ಅಂದಿನ ಕಾಲಕ್ಕೆ ಕಾರ್ನಿಯಾದ ಒಳಪದರದ ಉರಿಯೂತಕ್ಕೆ, ಅದರ ಜೊತೆಗೇ ಬರುವ ಕಿವುಡಿಗೆ, ಹುಟ್ಟಿನಿಂದ ಬಂದ ಸಿಫಿಲಿಸ್ ಮುಖ್ಯ ಕಾರಣವಾಗಿತ್ತು. ಇಂದಿಗೂ ಈ ಲಕ್ಷಣಗಳಿರುವವರಿಗೆ ಆ ರಕ್ತಪರೀಕ್ಷೆಯನ್ನು ಮೊದಲು ಮಾಡಿಸುತ್ತಾರೆ. ಹದಿನಾರನೆಯ ಶತಮಾನದ ‘ಭಾವಪ್ರಕಾಶ’ ಈ ರೋಗವನ್ನು ಫಿರಂಗರೋಗವೆಂದು ಕರೆದು ಪರದೇಶಿಯರ ಸಂಪರ್ಕಕ್ಕೆ ಹಚ್ಚಿತು. ಅಂದಿನಿಂದಲೂ ಅದಕ್ಕೆ ಅಂಟಿದ ಅಪವಾದ ಅಳಿದಿಲ್ಲ. ಹೊಸದಾಗಿ ಮದುವೆಯಾದ ಹೆಣ್ಣುಮಗಳ ಚೀಟಿಯಲ್ಲಿ ಈ ಪರೀಕ್ಷೆಯ ಹೆಸರು ಕಂಡರೆ ಮನೆಯಲ್ಲಿ ಏನಾಗಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಇದು ಆರೋಪವಲ್ಲ, ಬೇರೆ ಕಾರಣವನ್ನು ತಳ್ಳಿಹಾಕುವ ಕ್ರಮವೆಂದು ಮೊದಲೇ ತಿಳಿಸುವುದು ಚಿಕಿತ್ಸೆಯ ಭಾಗವೇ ಆಗಬೇಕು.

ಸ್ಟೀರಾಯ್ಡ್ ಸೇವನೆಯ ಕಾಲದಲ್ಲಿ ಜನಪದರ ಪಥ್ಯದ ಕಲ್ಪನೆ ನೆರವಿಗೆ ಬರುತ್ತದೆ. ಉಪ್ಪು ಕಡಿಮೆ, ಸಿಹಿ ಕಡಿಮೆ, ಖಾಲಿ ಹೊಟ್ಟೆಯಲ್ಲಿ ಗುಳಿಗೆ ಬೇಡ ಎಂಬ ಸೂಚನೆಗಳನ್ನು ಪಥ್ಯವೆಂದು ಹೇಳಿದರೆ ಅವು ಸುಲಭವಾಗಿ ಮನಸ್ಸಿಗೆ ನಾಟುತ್ತವೆ. ಆದರೆ ‘ಬೇನೆ ಹೋಯಿತು, ಮದ್ದು ಸಾಕು’ ಎಂಬ ರೂಢಿ ಇಲ್ಲಿ ಕೆಡುಕನ್ನುಂಟುಮಾಡುತ್ತದೆ. ಇಂಗ್ಲಿಷ್ ಔಷಧಿ ಕಾವು, ಹೆಚ್ಚು ದಿನ ತಿನ್ನಬಾರದು ಎಂಬ ನಂಬಿಕೆ ಅದಕ್ಕೆ ಕೂಡಿಕೊಳ್ಳುತ್ತದೆ. ವಾರಗಟ್ಟಲೆ ಸ್ಟೀರಾಯ್ಡ್ ತೆಗೆದುಕೊಂಡ ದೇಹ ತನ್ನ ಸಹಜ ಕಾರ್ಟಿಸಾಲ್ ತಯಾರಿಕೆಯನ್ನು ತಗ್ಗಿಸಿರುತ್ತದೆ. ಗುಳಿಗೆಯನ್ನು ಒಮ್ಮೆಲೇ ಬಿಟ್ಟರೆ ರೋಗ ಮರುಕಳಿಸುವುದಷ್ಟೇ ಅಲ್ಲ, ಜೀವಕ್ಕೂ ಅಪಾಯ.

ಈ ಪ್ರದೇಶದ ಇನ್ನೊಂದು ವಾಸ್ತವ ಗುಳೆ. ಮಳೆಯನ್ನೇ ನಂಬಿದ ಮಸ್ಕಿ, ಲಿಂಗಸುಗೂರು ಭಾಗದ ಹಳ್ಳಿಗಳಿಂದ ದುಡಿಮೆಗಾಗಿ ಬೆಂಗಳೂರಿಗೂ ದೂರದ ಬೇರೆ ನಗರಗಳಿಗೂ ಹೋಗುವವರು ಹೆಚ್ಚಾಗಿ ಇದೇ ಪ್ರಾಯದವರು. ಗುಳೆ ಹೋದ ಊರಿನಲ್ಲಿ ಕಣ್ಣು ಕೆಂಪಾಗಿ ಅಲ್ಲಿಯ ವೈದ್ಯರು ಹನಿ ಕೊಟ್ಟಿರುತ್ತಾರೆ. ಐದಾರು ತಿಂಗಳ ಮೇಲೆ ಹಬ್ಬಕ್ಕೆ ಊರಿಗೆ ಬಂದಾಗ ತಲೆಸುತ್ತು ಬರುತ್ತದೆ, ಇಲ್ಲಿಯ ವೈದ್ಯರು ಪಿತ್ತದ ಗುಳಿಗೆ ಕೊಡುತ್ತಾರೆ. ಮತ್ತೆ ಕೆಲವು ದಿನಕ್ಕೆ ಕಿವಿ. ಕಣ್ಣಿನ ಚೀಟಿ ಅಷ್ಟರಲ್ಲಿ ಎಲ್ಲಿಯೋ ಕಳೆದಿರುತ್ತದೆ. ದೊಡ್ಡ ಆಸ್ಪತ್ರೆಗೆ ಹೋದರೂ ಕಣ್ಣಿನ ವಿಭಾಗ ಒಂದು ಮಹಡಿ, ಕಿವಿ ಮೂಗು ಗಂಟಲಿನ ವಿಭಾಗ ಇನ್ನೊಂದು ಮಹಡಿ. ಹೋದ ವರ್ಷ ಬಂದುಹೋದ ಕಣ್ಣುಬೇನೆಯನ್ನು ಕಿವಿಯ ವೈದ್ಯರ ಮುಂದೆ ಹೇಳಬೇಕೆಂದು ರೋಗಿಗೆ ತೋಚುವುದಿಲ್ಲ, ಕೇಳಬೇಕೆಂದು ವೈದ್ಯರಿಗೂ ಎಷ್ಟೋ ವೇಳೆ ತೋಚುವುದಿಲ್ಲ. ‘ಕಳ್ಳು ತಿರುಗುತುನ್ನಾಯಿ’ ಎಂದ ತೆಲುಗು ಹೆಂಗಸನ್ನು ಭಾಷೆ ತಿಳಿಯದ ಸಿಬ್ಬಂದಿ ಕಣ್ಣಿನ ಸಾಲಿಗೆ ಕಳಿಸಿದರೆ ಆಶ್ಚರ್ಯಪಡಬೇಕಾಗಿಲ್ಲ. ರಾಯಚೂರಿನಲ್ಲಿ 2007ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಕಣ್ಣು ಮತ್ತು ಕಿವಿಯ ತಜ್ಞರು ಒಂದೇ ಆವರಣದಲ್ಲಿ ದೊರೆಯುತ್ತಾರೆ. ‘ಈ ಎರಡು ವರ್ಷದಲ್ಲಿ ಕಣ್ಣು ಬಂದಿದ್ದವೇ?’ ಎಂಬ ಒಂದು ಪ್ರಶ್ನೆಯನ್ನು ಆಶಾ ಕಾರ್ಯಕರ್ತೆಯಾಗಲಿ ನಾಟಿವೈದ್ಯನಾಗಲಿ ಕಿವಿ ಮಂದವಾದವರಿಗೆ ಕೇಳುವಂತಾದರೆ ಅಲ್ಲಿಗೆ ಹೋಗುವ ದಾರಿ ಹತ್ತಿರವಾಗುತ್ತದೆ. ಜನ ಮೊದಲು ಹೋಗುವುದು ನಾಟಿವೈದ್ಯರ ಬಳಿಗೆ ಎಂದಮೇಲೆ ಅವರನ್ನು ಹೊರಗಿಟ್ಟು ಇದನ್ನು ಸಾಧಿಸುವಂತಿಲ್ಲ.

ಕಿವಿ ಉಳಿಯದೆ ಹೋದವರ ಪಾಡು ಬೇರೆ. ಒಳಕಿವಿಯ ಸಮತೋಲನದ ಅಂಗ ಎರಡೂ ಕಡೆ ಕೆಟ್ಟವರು ನಿಲ್ಲಲು ನಡೆಯಲು ಕಣ್ಣನ್ನೇ ನೆಚ್ಚಬೇಕಾಗುತ್ತದೆ. ಹಗಲಿನಲ್ಲಿ ಸರಿಯಾಗಿ ನಡೆಯುವವರು ಕತ್ತಲಾದೊಡನೆ ತೂರಾಡುತ್ತಾರೆ. ಗಂಡಸಾದರೆ ಕುಡಿದಿದ್ದಾನೆಂದೂ ಹೆಂಗಸಾದರೆ ಗಾಳಿ ಸೋಕಿದೆಯೆಂದೂ ಊರು ಅರ್ಥಮಾಡುವ ಸಂಭವವಿದೆ. ಇದಕ್ಕೆ ಕತ್ತು, ಕಣ್ಣು, ಕಾಲುಗಳ ಕ್ರಮಬದ್ಧ ವ್ಯಾಯಾಮಗಳಿವೆ. ರಾತ್ರಿ ಕೈಯಲ್ಲೊಂದು ಬ್ಯಾಟರಿ, ಒಂದು ಕೋಲು ಇದ್ದರೂ ಬೀಳುವುದು ತಪ್ಪುತ್ತದೆ. ಕಿವುಡರು ಒಂದು ಕೇಳಿದರೆ ಇನ್ನೊಂದು ಹೇಳುವ ನಗೆಗತೆ ಕನ್ನಡದಲ್ಲಿಯೂ ಉಂಟು, ಜಗತ್ತಿನ ಕಥಾವರ್ಗ ಸೂಚಿಯಲ್ಲಿ ಅದಕ್ಕೆ 1698 ಎಂಬ ಸಂಖ್ಯೆಯೇ ಇದೆ. ನಡುಪ್ರಾಯದಲ್ಲಿ ಕಿವುಡಾದವರು ಆ ನಗೆಗೆ ಅಂಜಿ ಮಾತು, ಮದುವೆ, ಜಾತ್ರೆ ಎಲ್ಲದರಿಂದಲೂ ಹಿಂದೆ ಸರಿಯುವುದುಂಟು. ಅವರಿಗೆ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಶಸ್ತ್ರಚಿಕಿತ್ಸೆ ಮಾತನ್ನು ಮರಳಿ ಕೇಳಿಸಬಲ್ಲದು. ಶ್ರವಣನರವು ಉಳಿದಿರುವುದರಿಂದಲೂ ಭಾಷೆ ಆಗಲೇ ಬಂದಿರುವುದರಿಂದಲೂ ಈ ಕಾಯಿಲೆಯ ರೋಗಿಗಳಲ್ಲಿ ಅದರ ಫಲ ಸಾಮಾನ್ಯವಾಗಿ ಒಳ್ಳೆಯದು. ಆದರೆ ಉರಿಯೂತ ಮುಂದುವರಿದು ಕಾಕ್ಲಿಯಾದ ಒಳಭಾಗ ಎಲುಬುಗಟ್ಟಿದರೆ ವಿದ್ಯುತ್‌ತಂತಿಯನ್ನು ಒಳಸೇರಿಸುವುದು ಕಠಿಣವಾಗುತ್ತದೆ. ಹೀಗಾಗಿ ಇಲ್ಲಿಯೂ ತಡಮಾಡುವಂತಿಲ್ಲ. ಉಪಕರಣದ ಬೆಲೆ ಹಲವು ಲಕ್ಷ ರೂಪಾಯಿ. ಕೇಂದ್ರ ಸರ್ಕಾರದ ನೆರವಿನ ಯೋಜನೆ ಮಕ್ಕಳನ್ನು ಉದ್ದೇಶಿಸಿದ್ದು, ಮೂವತ್ತರ ಕೂಲಿಕಾರನಿಗೆ ಅದು ಒದಗುವುದಿಲ್ಲ.