ಸೇವ್ ಆಯಿತು ಅಂದಿತು, ಆಗಿರಲಿಲ್ಲ!

‘ಸೇವ್ ಮಾಡಿದ್ದೀನಿ ಅಂದ್ಯಲ್ಲೋ?’

ಮಿನಿ ಪ್ರಾಜೆಕ್ಟ್ ರಿವ್ಯೂ ಮುಗಿಸಿ ಲ್ಯಾಬ್‌ನಿಂದ ಹೊರಗೆ ಬಂದಾಗ ಗೆಳೆಯ ಕೇಳಿದ್ದು ಇಷ್ಟೇ. ನನ್ನ ಬಳಿ ಉತ್ತರ ಇರಲಿಲ್ಲ. ಹಿಂದಿನ ರಾತ್ರಿ ಒಂದೂವರೆವರೆಗೆ ಕೂತು ನಾನು ತಿದ್ದಿದ್ದ ಪ್ರೋಗ್ರಾಂ, ಬೆಳಿಗ್ಗೆ ಲ್ಯಾಬ್ ಕಂಪ್ಯೂಟರಿನಲ್ಲಿ ಹಳೆಯ ತಪ್ಪು ಉತ್ತರವನ್ನೇ ಕೊಟ್ಟಿತ್ತು. ಪೆನ್‌ಡ್ರೈವ್‌ನಲ್ಲಿ ನಾನು ತಂದಿದ್ದು ತಿದ್ದುವ ಮೊದಲಿನ ಫೈಲ್. ತಪ್ಪು ನನ್ನದು, ಅಂಕ ಹೋಗಿದ್ದು ಇಬ್ಬರದ್ದೂ.

ಸಂಜೆ ಹೆಬ್ಬಾಳದ ಟ್ರಾಫಿಕ್ ದಾಟಿ ಯಲಹಂಕ ನ್ಯೂಟೌನಿನ ಮನೆ ಸೇರಿದವನೇ ಲ್ಯಾಪ್‌ಟಾಪ್ ತೆರೆದೆ. ಎಡಿಟರ್ ರಾತ್ರಿ ಬಿಟ್ಟಂತೆಯೇ ಇತ್ತು. ತಿದ್ದಿದ ಸಾಲುಗಳೆಲ್ಲ ಪರದೆಯ ಮೇಲಿದ್ದವು. ಆದರೆ ಕೆಳಗಿನ ಪಟ್ಟಿಯಲ್ಲಿ ಎರಡು ನಕ್ಷತ್ರ ಚಿಹ್ನೆಗಳು. ಅಂದರೆ ಫೈಲ್ ಇನ್ನೂ ಸೇವ್ ಆಗಿಲ್ಲ ಎಂದರ್ಥ. ಹಾಗಾದರೆ ರಾತ್ರಿ ಸೇವ್ ಒತ್ತಿದಾಗಲೆಲ್ಲ ‘ಫೈಲ್ ಸೇವ್ ಆಯಿತು’ ಎಂಬ ಸಂದೇಶ ಬಂದಿತ್ತಲ್ಲ? ಬಂದಿತ್ತು. ಆ ಸಂದೇಶವನ್ನು ಬರೆದಿದ್ದವನೂ ನಾನೇ!

ಅಜ್ಜಿಯ ಸಾರು, ನನ್ನ ಒಗ್ಗರಣೆ

ನಾನು ಬಳಸುವ ಎಡಿಟರ್ ಹೆಸರು ಇಮ್ಯಾಕ್ಸ್. 1976ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ್ದು. ಈಗ ನಾವು ಬಳಸುವ ಗ್ನೂ ಇಮ್ಯಾಕ್ಸ್ ಅನ್ನು ರಿಚರ್ಡ್ ಸ್ಟಾಲ್‌ಮನ್ 1985ರಲ್ಲಿ ಹೊರತಂದರು. ಇದರಲ್ಲಿ ಒಂದೊಂದು ಕೀ ಒತ್ತಿದಾಗಲೂ ಒಂದೊಂದು ಫಂಕ್ಷನ್ ಕೆಲಸ ಮಾಡುತ್ತದೆ. ಆ ಫಂಕ್ಷನ್‌ನ ಮೂಲ ಕೋಡ್ ಮುಟ್ಟದೆಯೇ ಅದರ ವರ್ತನೆಯನ್ನು ಬದಲಿಸುವ ಸೌಲಭ್ಯವೂ ಇದೆ. ಅದರ ಹೆಸರು ‘ಅಡ್ವೈಸ್’, ಅಂದರೆ ಸಲಹೆ. ವಾರೆನ್ ಟೈಟಲ್‌ಮನ್ ಎಂಬುವರು 1966ರಲ್ಲೇ ಎಂಐಟಿಗೆ ಸಲ್ಲಿಸಿದ ಪಿಎಚ್‌ಡಿ ಪ್ರಬಂಧದಲ್ಲಿ ಈ ವಿಚಾರವನ್ನು ಮಂಡಿಸಿದ್ದರು.

ಅಡುಗೆಮನೆಯ ಲೆಕ್ಕದಲ್ಲಿ ಹೇಳುತ್ತೇನೆ. ಅಜ್ಜಿ ಸಾರು ಮಾಡುತ್ತಾರೆ ಅಂದುಕೊಳ್ಳಿ. ಅವರು ಒಲೆ ಹಚ್ಚುವ ಮೊದಲು ನೀವು ಬೇಳೆ ತೊಳೆದಿಟ್ಟರೆ ಅದು ‘ಬಿಫೋರ್’ ಸಲಹೆ. ಸಾರು ಇಳಿಸಿದ ಮೇಲೆ ಒಗ್ಗರಣೆ ಹಾಕಿದರೆ ‘ಆಫ್ಟರ್’. ಅಜ್ಜಿಯ ಸಾರೇ ಬೇಡ ಎಂದು ಹೋಟೆಲಿನಿಂದ ತಂದರೆ ‘ಓವರ್‌ರೈಡ್’. ಇನ್ನೊಂದು ‘ಅರೌಂಡ್’. ಇದರಲ್ಲಿ ಇಡೀ ಅಡುಗೆಮನೆ ನಿಮ್ಮ ಕೈಗೆ ಬರುತ್ತದೆ. ಅಜ್ಜಿ ಪಕ್ಕದ ಕೋಣೆಯಲ್ಲಿ ಕೂತಿರುತ್ತಾರೆ. ‘ಅಜ್ಜಿ, ಬಾ’ ಎಂದು ನೀವು ಕರೆದರೆ ಮಾತ್ರ ಸಾರು ಆಗುತ್ತದೆ. ಕರೆಯದಿದ್ದರೆ ಇಲ್ಲ.

ಸಾಲುಗಳ ಕೊನೆಯಲ್ಲಿ ಉಳಿಯುವ ಬೇಡದ ಖಾಲಿ ಜಾಗವನ್ನು ಸೇವ್ ಮಾಡುವಾಗಲೇ ಅಳಿಸಬೇಕು, ಆಮೇಲೆ ಕನ್ನಡದಲ್ಲಿ ಒಂದು ಸಂದೇಶ ಬರಬೇಕು ಎಂಬುದು ನನ್ನ ಆಸೆ. ಸೇವ್ ಫಂಕ್ಷನ್‌ಗೆ ಅರೌಂಡ್ ಸಲಹೆ ಹಾಕಿದೆ. ಖಾಲಿ ಜಾಗ ಅಳಿಸಿದೆ, ಸಂದೇಶ ತೋರಿಸಿದೆ. ನಡುವೆ ಮೂಲ ಫಂಕ್ಷನ್ ಅನ್ನು ಕರೆಯುವುದನ್ನೇ ಮರೆತೆ. ತಟ್ಟೆ ಇಟ್ಟು, ‘ಊಟಕ್ಕೆ ಬನ್ನಿ’ ಎಂದು ಕೂಗಿದ್ದೆ. ಅಜ್ಜಿಯನ್ನು ಮಾತ್ರ ಕರೆದಿರಲಿಲ್ಲ.

ಕೈಪಿಡಿ ಸುಳ್ಳು ಹೇಳಿರಲಿಲ್ಲ

ಆಮೇಲೆ ಕೈಪಿಡಿ ತೆರೆದು ಓದಿದೆ. ಮೊದಲೇ ಮಾಡಬೇಕಿದ್ದ ಕೆಲಸ. ಸಲಹೆಯನ್ನು ಸೇರಿಸುವ 10 ವಿಧಾನಗಳು ಅಲ್ಲಿವೆ. ಪ್ರತಿಯೊಂದಕ್ಕೂ ಒಂದೆರಡು ವಾಕ್ಯದ ವಿವರಣೆ, ಪಕ್ಕದಲ್ಲಿ ಅದಕ್ಕೆ ಸಮನಾದ ಒಂದು ಸೂತ್ರ. ಹಳೆಯ ಫಂಕ್ಷನ್ ಬದಲು ನಿಮ್ಮದು ಓಡುತ್ತದೆ, ಹಳೆಯದನ್ನು ನಿಮ್ಮ ಕೈಗೆ ಕೊಡಲಾಗುತ್ತದೆ ಎಂಬ ಅರ್ಥದ ಮಾತೂ ಅರೌಂಡ್ ಬಗ್ಗೆ ಇದೆ. ಒಂದಕ್ಷರವೂ ತಪ್ಪಿಲ್ಲ. ಗೊತ್ತಿದ್ದವರಿಗೆ ಅಷ್ಟು ಸಾಕು. ‘ಹಾಗಾದರೆ ನಾನು ಕರೆಯದಿದ್ದರೆ ಹಳೆಯದು ಓಡುವುದೇ ಇಲ್ಲ’ ಎಂದು ಅವರು ತಾವೇ ಅರ್ಥ ಮಾಡಿಕೊಳ್ಳುತ್ತಾರೆ. ರಾತ್ರಿ ಒಂದೂವರೆಗೆ ನಿದ್ದೆಗಣ್ಣಲ್ಲಿ ಓದುವ ಇಪ್ಪತ್ತರ ಹುಡುಗನಿಗೆ ಅದನ್ನು ಬಿಡಿಸಿ ಹೇಳಬೇಕು.

ಹಳೆಯ ಉದಾಹರಣೆಗಳ ಗೊಂದಲವೂ ಇದೆ. ಈಗಿನ ಸಲಹೆ ಪದ್ಧತಿ ಬಂದಿದ್ದು 2014ರ 24.4ನೇ ಆವೃತ್ತಿಯಲ್ಲಿ. ಅದಕ್ಕೂ ಹಿಂದಿನ ಪದ್ಧತಿಯನ್ನು ಬಳಸಬೇಡಿ ಎಂದು ಅಧಿಕೃತವಾಗಿ ಗುರುತು ಹಾಕಿದ್ದು 30ನೇ ಆವೃತ್ತಿಯಲ್ಲಿ, 2025ರಲ್ಲಿ. ನಡುವಿನ ಹತ್ತು ವರ್ಷ ಎರಡೂ ಜೊತೆಯಲ್ಲೇ ಇದ್ದವು. ಹಳೆಯದನ್ನು ಹೊಸದಕ್ಕೆ ಬದಲಿಸುವುದು ಹೇಗೆಂದು ಕೈಪಿಡಿಯಲ್ಲಿ ಪ್ರತ್ಯೇಕ ಭಾಗವೇ ಇದೆ. ನಾನು ಹಳೆಯ ಉದಾಹರಣೆ ನೋಡಿಕೊಂಡು ಹೊಸ ಪದ್ಧತಿಯಲ್ಲಿ ಬರೆದಿದ್ದೆ.

ಇನ್ನೊಂದು ವಿಷಯ ಓದಿ ನಗು ಬಂತು. ಬೇರೆ ದಾರಿ ಇಲ್ಲದಿದ್ದಾಗ ಮಾತ್ರ ಸಲಹೆ ಬಳಸಿ, ‘ಹುಕ್’ ಇದ್ದರೆ ಅದನ್ನೇ ಬಳಸಿ ಎನ್ನುತ್ತದೆ ಕೈಪಿಡಿ. ಸೇವ್ ಮಾಡುವ ಮುನ್ನ ಏನಾದರೂ ಮಾಡಲೆಂದೇ ಇಮ್ಯಾಕ್ಸ್‌ನಲ್ಲಿ ಒಂದು ಹುಕ್ ಇದೆ. ಒಂದೇ ಸಾಲಿನಲ್ಲಿ ಮುಗಿಯುವ ಕೆಲಸಕ್ಕೆ ನಾನು ಇಡೀ ಅಡುಗೆಮನೆ ವಹಿಸಿಕೊಂಡಿದ್ದೆ.

‘ಅಣ್ಣ, ತೆಗೆಯೋದು ಹೇಗೆ?’

ನೋವು ಹಸಿಯಾಗಿರುವಾಗಲೇ ಒಂದು ಪುಟ ಬರೆದೆ, ಕನ್ನಡದಲ್ಲಿ. ಇಮ್ಯಾಕ್ಸ್‌ನಲ್ಲಿ ಕನ್ನಡ ಟೈಪ್ ಮಾಡಲು ಬೇರೇನೂ ಹಾಕಿಕೊಳ್ಳಬೇಕಿಲ್ಲ, ಕೀಲಿಮಣೆ ವಿನ್ಯಾಸ ಅದರೊಳಗೇ ಇದೆ. ಹಲವು ಭಾಷೆಗಳ ನಮಸ್ಕಾರ ತೋರಿಸುವ ಅದರ ಫೈಲಿನಲ್ಲಿ ನಮ್ಮ ‘ನಮಸ್ಕಾರ’ವೂ ಇದೆ. ಹೊಸಬರಿಗೆ ಇರುವ ಪಾಠ ಥಾಯ್, ಕೊರಿಯನ್ ಭಾಷೆಗಳಲ್ಲಿ ಸಿಕ್ಕಿತು. ಕನ್ನಡದಲ್ಲಿ ನನಗೆ ಕಾಣಲಿಲ್ಲ.

ಆ ಪುಟವನ್ನು ಮೊದಲು ಕೊಟ್ಟಿದ್ದು ಒಬ್ಬ ಜೂನಿಯರ್‌ಗೆ. ಪಿಯುಸಿಗೆ ಬರುವವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವನು. ಕೋಡ್ ಬೇಗ ಹಿಡಿಯುತ್ತಾನೆ, ಇಂಗ್ಲಿಷ್ ಕೈಪಿಡಿ ಕಂಡರೆ ಹಿಂದೆ ಸರಿಯುತ್ತಾನೆ. ಅರ್ಧ ಗಂಟೆಯಲ್ಲಿ ಎಲ್ಲ ಮಾಡಿ ನೋಡಿ ಕೇಳಿದ: ‘ಅಣ್ಣ, ಹಾಕೋದು ಗೊತ್ತಾಯ್ತು. ತೆಗೆಯೋದು ಹೇಗೆ?’

ನಾನು ಅದನ್ನು ಬರೆದೇ ಇರಲಿಲ್ಲ! ಕೈಪಿಡಿಯನ್ನು ಅಷ್ಟೆಲ್ಲ ಪ್ರಶ್ನಿಸಿದ ನಾನೂ ನನಗೆ ಗೊತ್ತಿದ್ದುದನ್ನು ಎಲ್ಲರಿಗೂ ಗೊತ್ತು ಎಂದುಕೊಂಡಿದ್ದೆ. ಕೂತು ಮತ್ತೆ ಬರೆದೆವು. ಸಲಹೆಯ ಫಂಕ್ಷನ್‌ಗೆ ತಪ್ಪದೆ ಒಂದು ಹೆಸರು ಕೊಡಿ, ಆಗ ಆ ಹೆಸರು ಹೇಳಿ ಸುಲಭವಾಗಿ ತೆಗೆಯಬಹುದು. ಅನುಮಾನ ಬಂದರೆ ಕಂಟ್ರೋಲ್ ಜೊತೆ ಎಚ್, ನಂತರ ಎಫ್ ಒತ್ತಿ ಫಂಕ್ಷನ್‌ನ ಹೆಸರು ಕೊಡಿ. ಯಾವ ಸಲಹೆ ಅಂಟಿಕೊಂಡಿದೆ ಎಂದು ಅದೇ ತೋರಿಸುತ್ತದೆ. ನನ್ನ ತಪ್ಪು ಕೋಡನ್ನೂ ‘ಹೀಗೆ ಮಾಡಬೇಡಿ’ ಎಂಬ ತಲೆಬರಹದಡಿ ಸೇರಿಸಿದೆವು. ಆ ಪುಟದಲ್ಲಿ ಎಲ್ಲರೂ ಮೊದಲು ಓದುವುದು ಅದನ್ನೇ.

ಕಾಲೇಜಿನಲ್ಲಿ ಡಾಕ್ಯುಮೆಂಟೇಷನ್ ಅಂದರೆ ಪ್ರಾಜೆಕ್ಟ್ ಮುಗಿದ ಮೇಲೆ ಪುಟ ತುಂಬಿಸಿ ಸ್ಪೈರಲ್ ಬೈಂಡಿಂಗ್ ಮಾಡಿಸುವ ಕೆಲಸ ಎಂದೇ ನಾನು ತಿಳಿದಿದ್ದೆ. ಈಗ ಹಾಗನಿಸುವುದಿಲ್ಲ. ದಾರಿ ತೋರಿಸಿದರಷ್ಟೇ ಸಾಲದು, ಎಲ್ಲಿ ಕಾಲು ಜಾರುತ್ತದೆ, ಜಾರಿದರೆ ವಾಪಸ್ ಬರುವುದು ಹೇಗೆ ಎಂದೂ ಹೇಳಬೇಕು. ಅದನ್ನು ಚೆನ್ನಾಗಿ ಬರೆಯಬಲ್ಲವರು ನಿನ್ನೆ ತಾನೇ ಜಾರಿ ಬಿದ್ದವರು. ವರ್ಷ ಕಳೆದರೆ ನಮಗೂ ಎಲ್ಲ ಸುಲಭ ಅನಿಸಿಬಿಡುತ್ತದೆ. ನೀವೂ ಎಲ್ಲಾದರೂ ಎಡವಿದ್ದರೆ ಮರೆಯುವ ಮೊದಲೇ ಒಂದು ಪುಟ ಬರೆದಿಡಿ, ನಿಮ್ಮ ಜೂನಿಯರ್ ಭಾಷೆಯಲ್ಲಿ.

ಮುಂದಿನ ರಿವ್ಯೂಗೆ ಅದೇ ಗೆಳೆಯ ಜೊತೆಗಿದ್ದ. ಹಿಂದಿನ ರಾತ್ರಿ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: ‘ಸೇವ್ ಆಯ್ತು ಅಂತ ಹೇಳ್ಬೇಡ. ಆ ಎರಡು ನಕ್ಷತ್ರ ಹೋಯ್ತಾ ಹೇಳು.’