ನಾಲ್ಕೂ ಈಜಿನ ಶರತ್ ಗಾಯಕವಾಡ್

ಗದಗ ಸೀಮೆಯಲ್ಲಿ ಈಜು ಅಂದರೆ ಬಾವಿ. ಬೇಸಿಗೆ ರಜೆ ಬಿತ್ತೆಂದರೆ ಶಿರಹಟ್ಟಿ, ಲಕ್ಷ್ಮೇಶ್ವರದ ಹೊಲದ ಬಾವಿಗಳಲ್ಲಿ ನೀರಿರುವ ತನಕ ಹುಡುಗರ ಗದ್ದಲ. ನಡುವಿಗೆ ಬೆಂಡು ಕಟ್ಟಿಸಿಕೊಂಡು ಮೆಟ್ಟಿಲ ಮೇಲೆ ನಡುಗುತ್ತ ನಿಂತ ಮಗ, ಮೇಲೆ ಹಗ್ಗ ಹಿಡಿದ ಅಪ್ಪ. ಮುಂಡರಗಿ ಕಡೆಯವರಿಗೆ ಹಮ್ಮಿಗಿ, ಕೊರ್ಲಹಳ್ಳಿಗಳ ಹತ್ತಿರ ತುಂಗಭದ್ರೆಯೇ ಇದೆ. ‘ಈಸಾಕ್ ಬರತೈತೇನು?’ ಎಂದು ಕೇಳಿದರೆ, ಮುಳುಗದೆ ಆಚೆ ದಡ ಮುಟ್ಟಿದವನಿಗೆ ಬರುತ್ತದೆ ಎಂದೇ ಲೆಕ್ಕ. ಕೈ ಹೇಗೆ ಬೀಸಿದ, ಕಾಲು ಹೇಗೆ ಬಡಿದ ಎಂದು ಯಾರೂ ನೋಡುವುದಿಲ್ಲ.

ಸ್ಪರ್ಧೆಯ ಈಜು ನೋಡುವುದೇ ಅದನ್ನು. ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈ ಎಂಬ ನಾಲ್ಕು ಈಜುಗಳಲ್ಲಿ ಒಂದೊಂದಕ್ಕೂ ಒಂದೊಂದು ನಿಯಮ, ಒಂದೊಂದು ಉಸಿರಿನ ಲಯ. ಹೆಚ್ಚಿನ ಈಜುಪಟುಗಳು ಒಂದನ್ನೋ ಎರಡನ್ನೋ ಆರಿಸಿಕೊಂಡು ಅದರಲ್ಲೇ ವರ್ಷಗಟ್ಟಲೆ ಸವೆಯುತ್ತಾರೆ. ನಾಲ್ಕರಲ್ಲೂ ಪದಕ ಗೆಲ್ಲುವವರು ಅಪರೂಪ. ಬೆಂಗಳೂರಿನ ಶರತ್ ಗಾಯಕವಾಡ್ ಆ ಅಪರೂಪದವರಲ್ಲಿ ಒಬ್ಬರು. ಅವರ ಎಡಗೈ ಹುಟ್ಟಿನಿಂದಲೇ ಪೂರ್ತಿ ಬೆಳೆದಿಲ್ಲ.

1991ರಲ್ಲಿ ಹುಟ್ಟಿದ ಶರತ್ ಈಜಿಗೆ ಇಳಿದದ್ದು ಯಾರೋ ಪ್ರತಿಭೆ ಗುರುತಿಸಿದ್ದರಿಂದಲ್ಲ. ಅವರು ಓದುತ್ತಿದ್ದ ಲಿಟ್ಲ್ ಫ್ಲವರ್ ಪಬ್ಲಿಕ್ ಶಾಲೆಯಲ್ಲಿ ಈಜು ಎಲ್ಲ ಮಕ್ಕಳಿಗೂ ಕಡ್ಡಾಯವಾಗಿತ್ತು. ನನಗೆ ಈ ಕಥೆಯಲ್ಲಿ ಬಹಳ ದೊಡ್ಡದಾಗಿ ಕಾಣುವುದು ಈ ಸಣ್ಣ ಸಂಗತಿಯೇ. ಕೈಯಲ್ಲೋ ಕಾಲಲ್ಲೋ ಊನವಿರುವ ಮಗುವನ್ನು ನಮ್ಮ ಕಡೆ ನೀರಿನ ಹತ್ತಿರವೂ ಬಿಡುವುದಿಲ್ಲ. ಮಗುವಿನ ಮೇಲಿನ ಅಕ್ಕರೆಯೇ ಅದಕ್ಕೆ ಕಾರಣ, ತಪ್ಪೆನ್ನಲಾಗದು. ಆದರೆ ಯಾರನ್ನೂ ಬಿಡದ ಒಂದು ಶಾಲೆಯ ನಿಯಮ ಶರತ್‌ರನ್ನು ಕೊಳಕ್ಕೆ ಇಳಿಸಿತು. ಕೋಚ್ ಜಾನ್ ಕ್ರಿಸ್ಟೋಫರ್ ಅವರ ಗರಡಿಯಲ್ಲಿ ಅವರು ಸ್ಪರ್ಧಿಯಾದರು. 2010ರಲ್ಲಿ ಚೀನಾದ ಗುವಾಂಗ್‌ಝೌನಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಕಂಚು ಗೆದ್ದರು, 2012ರಲ್ಲಿ ಲಂಡನ್ ಪ್ಯಾರಾಲಿಂಪಿಕ್ಸ್‌ಗೆ ಹೋದರು.

ಒಂದು ಕೈ ಗಿಡ್ಡವಾದರೆ ನೀರಿನಲ್ಲಿ ಏನಾಗುತ್ತದೆ ಎಂಬುದನ್ನು ತಿಳಿಯದೆ ಈ ಸಾಧನೆಯ ತೂಕ ಗೊತ್ತಾಗದು. ಫ್ರೀಸ್ಟೈಲ್ ಮತ್ತು ಬ್ಯಾಕ್‌ಸ್ಟ್ರೋಕ್‌ನಲ್ಲಿ ಕೈಗಳು ಒಂದಾದ ಮೇಲೆ ಒಂದರಂತೆ ನೀರೆಳೆಯುತ್ತವೆ. ಗಿಡ್ಡ ಕೈಯ ಸರದಿ ಬಂದಾಗಲೆಲ್ಲ ವೇಗ ಕುಸಿಯುತ್ತದೆ. ಆ ಕೊರತೆಯನ್ನು ಕಾಲಿನ ಬಡಿತದಿಂದ, ನಡುವನ್ನು ಹೊರಳಿಸುವ ಲಯದಿಂದ ತುಂಬಬೇಕು. ಬ್ರೆಸ್ಟ್‌ಸ್ಟ್ರೋಕ್ ಮತ್ತು ಬಟರ್‌ಫ್ಲೈನ ತೊಡಕೇ ಬೇರೆ. ಅಲ್ಲಿ ಎರಡೂ ಕೈ ಒಟ್ಟಿಗೆ ಎಳೆಯಬೇಕು. ಜೋಡೆತ್ತಿನಲ್ಲಿ ಒಂದು ಬಲಹೀನವಾದರೆ ಬಂಡಿ ಪಕ್ಕಕ್ಕೆ ಎಳೆದ ಹಾಗೆ, ದೇಹ ಒಂದು ಬದಿಗೆ ವಾಲುತ್ತದೆ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಕಾಲಿನ ಒದೆತವೇ ಬಹುಪಾಲು ಕೆಲಸ ಮಾಡುವುದರಿಂದ ಸ್ವಲ್ಪ ನಿಭಾಯಿಸಬಹುದು. ಬಟರ್‌ಫ್ಲೈನಲ್ಲಿ ಎದೆ, ಸೊಂಟ, ಕಾಲು ಎಲ್ಲವೂ ಸೇರಿ ಅಲೆಯಂತೆ ಏಳದಿದ್ದರೆ ತಲೆ ನೀರಿನಿಂದ ಮೇಲೆ ಬರುವುದೇ ಕಷ್ಟ. ಈ ಎರಡು ಈಜುಗಳಲ್ಲಿ ಗೋಡೆ ಮುಟ್ಟುವಾಗ ಮಾತ್ರ ಪ್ಯಾರಾ ಈಜಿನ ನಿಯಮ ಒಂದು ಅನುಕೂಲ ಕೊಡುತ್ತದೆ. ಕೈಗಳ ಉದ್ದ ಬೇರೆ ಬೇರೆಯಾಗಿದ್ದವರು ಉದ್ದದ ಕೈಯಿಂದ ಮುಟ್ಟಿದರೆ ಸಾಕು, ಆದರೆ ಎರಡೂ ಕೈಗಳನ್ನು ಒಟ್ಟಿಗೇ ಮುಂದಕ್ಕೆ ಚಾಚಿರಬೇಕು. ಒಂದೊಂದು ಈಜಿನ ತೊಡಕೂ ಬೇರೆಯಾದ್ದರಿಂದ ಶರತ್‌ರಂಥವರು ಒಂದು ಈಜಿನಲ್ಲಿ ಕಂಡುಕೊಂಡ ಉಪಾಯ ಇನ್ನೊಂದಕ್ಕೆ ಹೊಂದುವುದಿಲ್ಲ. ನಾಲ್ಕು ಈಜಿಗೆ ನಾಲ್ಕು ಸಲ ಹೊಸದಾಗಿ ಕಲಿಯಬೇಕು.

ಪ್ಯಾರಾ ಈಜಿನಲ್ಲಿ ಸ್ಪರ್ಧಿಗಳನ್ನು ದೇಹದ ಶಕ್ತಿ, ಚಲನೆಗೆ ತಕ್ಕಂತೆ ವರ್ಗ ಮಾಡುತ್ತಾರೆ. ದೈಹಿಕ ಊನವಿರುವವರಿಗೆ 1ರಿಂದ 10, ದೃಷ್ಟಿದೋಷವಿರುವವರಿಗೆ 11ರಿಂದ 13, ಬೌದ್ಧಿಕ ತೊಂದರೆಯುಳ್ಳವರಿಗೆ 14. ಮೊದಲ ಗುಂಪಿನಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ಊನ ಹೆಚ್ಚು. ಶರತ್ ಎಂಟನೆಯ ವರ್ಗದವರು.

2014ರ ಅಕ್ಟೋಬರ್‌ನಲ್ಲಿ ದಕ್ಷಿಣ ಕೊರಿಯಾದ ಇಂಚಿಯಾನ್‌ನಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಅವರ ಕಲಿಕೆಯೆಲ್ಲ ಒಟ್ಟಿಗೆ ಫಲಿಸಿತು. 200 ಮೀಟರ್ ವೈಯಕ್ತಿಕ ಮೆಡ್ಲೆಯಲ್ಲಿ ಬೆಳ್ಳಿ. 100 ಮೀಟರ್ ಬಟರ್‌ಫ್ಲೈ, 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್, 100 ಮೀಟರ್ ಬ್ಯಾಕ್‌ಸ್ಟ್ರೋಕ್, 50 ಮೀಟರ್ ಫ್ರೀಸ್ಟೈಲ್‌ನಲ್ಲಿ ಕಂಚು. ಮೆಡ್ಲೆ ರಿಲೇಯಲ್ಲಿ ಇನ್ನೊಂದು ಕಂಚು. ಒಟ್ಟು ಆರು. 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ಪಿ.ಟಿ. ಉಷಾ ನಾಲ್ಕು ಚಿನ್ನ, ಒಂದು ಬೆಳ್ಳಿ ಗೆದ್ದಿದ್ದರು. ಒಂದೇ ಕೂಟದಲ್ಲಿ ಐದು ಪದಕಗಳ ಆ ಲೆಕ್ಕವನ್ನು ಶರತ್ ದಾಟಿದರು. ಎರಡೂ ಬೇರೆ ಬೇರೆ ಕೂಟಗಳು, ಬೇರೆ ಬೇರೆ ಆಟಗಳು, ಒಂದನ್ನು ಹಿಡಿದು ಇನ್ನೊಂದನ್ನು ಅಳೆಯಬೇಕಿಲ್ಲ.

ಈ ಆರರಲ್ಲಿ ನಾನು ಮೇಲಿಡುವುದು ಮೆಡ್ಲೆಯ ಬೆಳ್ಳಿಯನ್ನು. ಐವತ್ತು ಮೀಟರ್ ಬಟರ್‌ಫ್ಲೈ, ಐವತ್ತು ಬ್ಯಾಕ್‌ಸ್ಟ್ರೋಕ್, ಐವತ್ತು ಬ್ರೆಸ್ಟ್‌ಸ್ಟ್ರೋಕ್, ಕೊನೆಗೆ ಐವತ್ತು ಫ್ರೀಸ್ಟೈಲ್, ನಡುವೆ ಬಿಡುವಿಲ್ಲ. ಎಲ್ಲಕ್ಕಿಂತ ಹೆಚ್ಚು ದಣಿಸುವ ಬಟರ್‌ಫ್ಲೈ ಮೊದಲಿಗೇ ಬರುತ್ತದೆ. ಅಲ್ಲಿ ಉಸಿರು ಖರ್ಚಾದರೆ ಉಳಿದ ಮೂರಕ್ಕೂ ಸಾಲದು. ಒಂದು ಈಜಿನಲ್ಲಿ ದುರ್ಬಲರಾದವರನ್ನು ಈ ಸ್ಪರ್ಧೆ ಅಲ್ಲೇ ಹಿಡಿದುಹಾಕುತ್ತದೆ. ಶರತ್ ಬಗ್ಗೆ ಬರೆಯುವವರು ಊನವನ್ನು ಗೆದ್ದ ಛಲದ ಬಗ್ಗೆ ಹೇಳುತ್ತಾರೆ. ಛಲ ಇರಲೇಬೇಕು. ಆದರೆ ಛಲವೊಂದರಿಂದ ಮೆಡ್ಲೆ ಗೆಲ್ಲಲಾಗದು. ಅದಕ್ಕೆ ಕಸುಬು ಬೇಕು, ಪ್ರತಿ ತಿರುವಿನಲ್ಲೂ ಕಾಲು ಗೋಡೆಗೆ ಎಲ್ಲಿ ತಾಗಬೇಕು ಎನ್ನುವಷ್ಟು ಸೂಕ್ಷ್ಮದ ಕಸುಬು. ಅವರನ್ನು ಮೊದಲು ಈಜುಪಟುವಾಗಿ ನೋಡಿ ಎಂದು ಓದುಗರಲ್ಲಿ ನನ್ನ ಕೋರಿಕೆ.

ರಿಲೇಯ ಕಥೆಯೂ ಸೊಗಸು. ನಾಲ್ವರ ವರ್ಗಸಂಖ್ಯೆ ಕೂಡಿದರೆ 34 ಮೀರಬಾರದು ಎಂಬುದು ನಿಯಮ. ಆದ್ದರಿಂದ ಊನ ಕಡಿಮೆ ಇರುವವರನ್ನೇ ನಾಲ್ವರನ್ನು ಸೇರಿಸಿ ಗೆಲ್ಲಲು ಬರುವುದಿಲ್ಲ, ಊನ ಹೆಚ್ಚಿರುವವರಿಗೂ ತಂಡದಲ್ಲಿ ಜಾಗ ಬೇಕೇ ಬೇಕು. ಇಂಚಿಯಾನ್‌ನಲ್ಲಿ ಶರತ್ ಜೊತೆ ನೀರಿಗಿಳಿದವರು ಕೋಲ್ಕತ್ತದ ಪ್ರಶಾಂತ ಕರ್ಮಾಕರ್, ಕೊಲ್ಹಾಪುರದ ಸ್ವಪ್ನಿಲ್ ಪಾಟೀಲ್ ಮತ್ತು ಬೆಂಗಳೂರಿನವರೇ ಆದ ನಿರಂಜನ ಮುಕುಂದನ್.

2015ರಲ್ಲಿ ಶರತ್‌ಗೆ ಅರ್ಜುನ ಪ್ರಶಸ್ತಿ ಬಂತು. ಆಮೇಲೆ ಅವರು ತರಬೇತಿಯ ಕಡೆ ತಿರುಗಿದರು. ರಿಲೇಯಲ್ಲಿ ಅವರ ಜೊತೆಗಿದ್ದ, ಬೆನ್ನುಹುರಿಯ ತೊಂದರೆಯೊಂದಿಗೆ ಹುಟ್ಟಿದ ನಿರಂಜನ ಕೂಡ ಜಾನ್ ಕ್ರಿಸ್ಟೋಫರ್ ಅವರ ಶಿಷ್ಯರೇ. 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ನಿರಂಜನ ಭಾರತದ ಪರವಾಗಿ ಈಜಿದರು.